ಜಿಪ್ಸಿ ಎತ್ತರಿಸುವ ಮೊದಲು ಪ್ಲೇಟ್ ಬಿಚ್ಚಿ ನೋಡಿ

ಪ್ರಶ್ನೆ: ಸರ್, ನನ್ನ ಹತ್ತಿರ 2007ರ ಜಿಪ್ಸಿ ಕಿಂಗ್ ಇದೆ. ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಮಳೆಗಾಲದಲ್ಲಿ ತೋಟದ ದಾರಿಗೆ ಬೇರೆ ಗಾಡಿ ಆಗಲ್ಲ. ಆದರೆ ಕುಲುಕಾಟಕ್ಕೆ ಮನೆಯವರು ಹತ್ತೋದನ್ನೇ ಬಿಟ್ಟಿದ್ದಾರೆ. ಮೂಡಿಗೆರೆಯಲ್ಲಿ ಗೆಳೆಯನ ಮನೆ ಹಿಂದೆ ಶೆಡ್ ಇದೆ, ಅವನ ಹತ್ತಿರ ಟೂಲ್ಸ್ ಕೂಡ ಇವೆ. ಈಗಿರೋದಕ್ಕಿಂತ ಎರಡು ಇಂಚು ಹೆಚ್ಚು ಉದ್ದದ ಶ್ಯಾಕಲ್, ಉದ್ದದ ಶಾಕ್ ಅಬ್ಸಾರ್ಬರ್, 235ರ ಟೈರ್ ಹಾಕಿ ಗಾಡಿ ಎತ್ತರಿಸೋಣ ಅಂತಿದ್ದೇವೆ. ಶನಿವಾರ, ಭಾನುವಾರ ಎರಡು ದಿನದಲ್ಲಿ ಮುಗಿಯುತ್ತಾ? ಏನೇನು ತಂದಿಟ್ಟುಕೊಳ್ಳಬೇಕು?

ಉತ್ತರ: ಕೆಲಸ ನಿಮ್ಮ ಕೈಲಿ ಆಗುತ್ತೆ, ಅದರಲ್ಲಿ ಅನುಮಾನ ಬೇಡ. ಜಿಪ್ಸಿಯಷ್ಟು ಸುಲಭವಾಗಿ ಮನೆಯಲ್ಲೇ ಬಿಚ್ಚಿ ಜೋಡಿಸಬಹುದಾದ ಗಾಡಿ ನಮ್ಮ ದೇಶದಲ್ಲಿ ಕಡಿಮೆ. ಆದರೆ ನೀವು ಎರಡು ಬೇರೆ ಬೇರೆ ತೊಂದರೆಗಳನ್ನು ಒಂದೇ ಚೀಲಕ್ಕೆ ಹಾಕಿದ್ದೀರಿ. ಮನೆಯವರ ತೊಂದರೆ ಕುಲುಕಾಟ. ನಿಮ್ಮ ತೊಂದರೆ ಎತ್ತರ. ಶ್ಯಾಕಲ್ ಅಂದರೆ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿ. ಅದನ್ನು ಉದ್ದದ್ದು ಹಾಕಿದರೆ ಮೊದಲನೆಯದು ಒಂಚೂರೂ ಕಡಿಮೆ ಆಗಲ್ಲ, ಎರಡನೆಯದು ನೀವು ಅಂದುಕೊಂಡದ್ದರಲ್ಲಿ ಅರ್ಧ ಮಾತ್ರ ಸಿಗುತ್ತೆ. ಅದಕ್ಕೇ ಸಾಮಾನು ತರೋಕೆ ದುಡ್ಡು ಬಿಚ್ಚುವ ಮೊದಲು ಗಾಡಿ ಬಿಚ್ಚಿ ಅಂತೀನಿ.

ಮೊದಲು ಕುಲುಕಾಟ ಯಾಕೆ ಅಂತ ನೋಡೋಣ. 1985ರಲ್ಲಿ ಬಂದ ದಿನದಿಂದ 2018-19ರಲ್ಲಿ ನಿಲ್ಲುವ ತನಕ ಜಿಪ್ಸಿಗೆ ನಾಲ್ಕೂ ಕಡೆ ಲೀಫ್ ಸ್ಪ್ರಿಂಗೇ, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಮಾನು. ಗ್ಯಾರೇಜಿನಲ್ಲಿ ಇದಕ್ಕೆ ಪ್ಲೇಟ್ ಅಂತಾರೆ. ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಹೌಸಿಂಗ್, ಅಂದರೆ ಎಡ ಬಲ ಚಕ್ರಗಳನ್ನು ಸೇರಿಸುವ ಒಂದೇ ಆಕ್ಸಲ್ ಕೊಳವೆ. ಒಂದು ಚಕ್ರ ಕಲ್ಲು ಹತ್ತಿದರೆ ಇನ್ನೊಂದು ಚಕ್ರಕ್ಕೂ ಗೊತ್ತಾಗುತ್ತೆ. ಖಾಲಿ ಗಾಡಿ ಹತ್ತಿರ ಹತ್ತಿರ ಒಂದು ಟನ್ ಅಷ್ಟೇ, ಆದರೆ ಪ್ಲೇಟ್ ಸೆಟ್ ಮಾಡಿರೋದು ಜನ, ಸಾಮಾನು ಎಲ್ಲ ತುಂಬಿಕೊಂಡು ಹೋಗೋಕೆ. ನೀವೊಬ್ಬರೇ ಕೂತು ಹೋದರೆ ಸ್ಪ್ರಿಂಗಿಗೆ ಮಣಿಯುವಷ್ಟು ಭಾರವೇ ಇರಲ್ಲ. ಐದು ಜನ ಹತ್ತಿದಾಗ ಇದೇ ಜಿಪ್ಸಿ ಸ್ವಲ್ಪ ಮೆತ್ತಗೆ ಹೋಗುತ್ತೆ ಅನ್ನೋದನ್ನ ನೀವೂ ಗಮನಿಸಿರ್ತೀರಿ, ಅಲ್ವಾ?

ಇದು ಹುಟ್ಟುಗುಣ. ಆದರೆ ಗಾಡಿಗೆ ಇಷ್ಟು ವಯಸ್ಸಾದ ಮೇಲೆ ಕುಲುಕಾಟದಲ್ಲಿ ಹುಟ್ಟುಗುಣದ ಪಾಲು ಕಡಿಮೆ, ತುಕ್ಕಿನ ಪಾಲು ಜಾಸ್ತಿ.

ಲೀಫ್ ಸ್ಪ್ರಿಂಗ್ ಕೆಲಸ ಮಾಡೋದು ಪ್ಲೇಟುಗಳು ಒಂದರ ಮೇಲೊಂದು ಜಾರುವುದರಿಂದ. ಚಕ್ರ ಮೇಲೆ ಬಂದಾಗ ಕಮಾನು ಚಪ್ಪಟೆ ಆಗುತ್ತೆ, ಉದ್ದ ಹೆಚ್ಚುತ್ತೆ, ಆ ಹೆಚ್ಚಿದ ಉದ್ದಕ್ಕೆ ಜಾಗ ಕೊಡೋಕೆ ಶ್ಯಾಕಲ್ ತೂಗುತ್ತೆ. ಮಲೆನಾಡಿನ ನೀರು, ಕೆಂಪು ಮಣ್ಣು ಆ ಪ್ಲೇಟುಗಳ ನಡುವೆ ಸೇರಿಕೊಂಡು ಹತ್ತಾರು ಮಳೆಗಾಲ ಕಳೆದರೆ ಅವು ಜಾರೋದನ್ನೇ ಮರೆತುಬಿಡುತ್ತವೆ. ನಾನು ಒಂದು ಸಲ ಗೆಳೆಯರ ಶೆಡ್ಡಿನಲ್ಲಿ ಹಳೇ ಜಿಪ್ಸಿಯ ಹಿಂದಿನ ಸೆಟ್ ಬಿಚ್ಚಿದ್ದೆ. ಪ್ಲೇಟುಗಳನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟ್ ತೆಗೆದರೂ ಅವು ಬೇರೆ ಆಗಲಿಲ್ಲ. ನಡುವೆ ಉಳಿ ಇಟ್ಟು ಬಡಿದ ಮೇಲೆ ಬಿಟ್ಟವು. ಒಳಗೆ ಮೆಣಸಿನ ಪುಡಿಯ ಹಾಗೆ ತುಕ್ಕು, ಒಂದು ಬೊಗಸೆ ತುಂಬ. ಪ್ಲೇಟಿನ ತುದಿ ಮೇಲಿನ ಪ್ಲೇಟನ್ನು ಒತ್ತುವ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳಕ್ಕೆ ತಗ್ಗು ಬಿದ್ದಿತ್ತು. ಶ್ಯಾಕಲ್ಲಿನ ರಬ್ಬರ್ ಬುಶ್ ಒಂದು ಕಡೆ ಪೂರ್ತಿ ಸವೆದು ಪಿನ್ನು ನೇರವಾಗಿ ಕಬ್ಬಿಣಕ್ಕೇ ತಾಗುತ್ತಿತ್ತು. ಅಂಥ ಸೆಟ್ಟು ಸ್ಪ್ರಿಂಗ್ ಅಲ್ಲ, ಒಂದು ದಪ್ಪ ಕಬ್ಬಿಣದ ಪಟ್ಟಿ. ಅದಕ್ಕೆ ಎಷ್ಟು ದುಬಾರಿ ಶಾಕ್ ಹಾಕಿದರೂ ಕುಲುಕಾಟ ಹೋಗಲ್ಲ.

ಇನ್ನೂ ಸುಲಭದ ಒಂದು ಪರೀಕ್ಷೆ ಇದೆ, ಇವತ್ತೇ ಮಾಡಿ. ಟೈರಿನ ಗಾಳಿ ನೋಡಿ. ಬಂಕಿನಲ್ಲಿ ಗಾಳಿ ಹಾಕುವ ಹುಡುಗರು ಕೇಳದೇ ಹೋದರೆ 35 ಹಾಕಿಬಿಡ್ತಾರೆ. ಒಂದು ಟನ್ನಿನ ಗಾಡಿಗೆ ಅದು ತುಂಬಾ ಜಾಸ್ತಿ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬರೆದಿರುವಷ್ಟಕ್ಕೆ ಇಳಿಸಿ, ಅದೇ ದಾರಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ತೋಟದ ಒಳಗೆ ನಿಧಾನಕ್ಕೆ ಓಡಿಸುವಾಗ 18ರ ತನಕ ಇಳಿಸಬಹುದು, ಕೆಸರಿನಲ್ಲಿ ಹಿಡಿತವೂ ಜಾಸ್ತಿ ಸಿಗುತ್ತೆ. ಆದರೆ ಟಾರು ರಸ್ತೆಗೆ ಬರುವ ಮೊದಲು ಮತ್ತೆ ತುಂಬಲೇಬೇಕು. ಮಿತ್ರರೊಬ್ಬರು ಶಾಕ್ ಬದಲಿಸಬೇಕು ಅಂತ ಹೊರಟವರು ಗಾಳಿ ಇಳಿಸಿದ ಮೇಲೆ ಆರು ತಿಂಗಳು ಆ ಮಾತೇ ಎತ್ತಲಿಲ್ಲ. ಹನ್ನೆರಡು ವೋಲ್ಟಿನ ಸಣ್ಣ ಪಂಪು, ಒಂದು ಒಳ್ಳೆ ಗೇಜು ಗಾಡಿಯಲ್ಲಿ ಇರಲಿ.

ಈಗ ಶ್ಯಾಕಲ್ ವಿಷಯ. ಪ್ಲೇಟಿನ ಒಂದು ತುದಿ ಚಾಸಿಗೆ ನೇರ ಕೂತಿರುತ್ತೆ, ಇನ್ನೊಂದು ತುದಿ ಶ್ಯಾಕಲ್ಲಿನಲ್ಲಿ ತೂಗುತ್ತೆ. ಹೌಸಿಂಗ್ ಇರೋದು ನಡುವೆ. ಹಾಗಾಗಿ ಶ್ಯಾಕಲ್ ಎರಡು ಇಂಚು ಉದ್ದ ಮಾಡಿದರೆ ಗಾಡಿ ಏಳೋದು ಒಂದೇ ಇಂಚು. ಇದು ಲೆಕ್ಕ, ಯಾವ ಕಂಪನಿಯ ಶ್ಯಾಕಲ್ ತಂದರೂ ಇಷ್ಟೇ. ಆ ಒಂದು ಇಂಚಿಗೆ ಮುಂದಿನ ಕಡೆ ನೀವು ಕೊಡುವ ಬೆಲೆ ದೊಡ್ಡದು. ಜಿಪ್ಸಿಯ ಮುಂದಿನ ಶ್ಯಾಕಲ್ ಇರೋದು ಪ್ಲೇಟಿನ ಮುಂದಿನ ತುದಿಯಲ್ಲಿ, ಬಂಪರಿನ ಕಡೆ. ಅದು ಉದ್ದ ಆದರೆ ಪ್ಲೇಟಿನ ಮುಂದಿನ ತುದಿ ಕೆಳಗೆ ಹೋಗುತ್ತೆ, ಅದರ ಜೊತೆ ಇಡೀ ಹೌಸಿಂಗ್ ಮುಂದಕ್ಕೆ ಮಗುಚಿದ ಹಾಗೆ ತಿರುಗುತ್ತೆ. ಸೈಕಲ್ಲಿನ ಮುಂದಿನ ಫೋರ್ಕ್ ನೋಡಿ, ಮೇಲ್ಭಾಗ ಸವಾರನ ಕಡೆ ವಾಲಿರುತ್ತೆ. ಕೈ ಬಿಟ್ಟರೂ ಸೈಕಲ್ಲು ನೇರ ಹೋಗೋಕೆ ಆ ವಾಲಿಕೆಯೂ ಒಂದು ಕಾರಣ. ಗಾಡಿಯಲ್ಲಿ ಇದಕ್ಕೆ ಕ್ಯಾಸ್ಟರ್ ಅಂತಾರೆ. ಉದ್ದ ಶ್ಯಾಕಲ್ ಈ ಕ್ಯಾಸ್ಟರನ್ನೇ ತಿನ್ನುತ್ತೆ. ಆಮೇಲೆ ಗಾಡಿ ನೇರ ರಸ್ತೆಯಲ್ಲೂ ಅತ್ತ ಇತ್ತ ಹುಡುಕಾಡುತ್ತೆ, ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರಲ್ಲ, 60ರ ಹತ್ತಿರ ಮುಂದಿನ ಚಕ್ರ ನಡುಗೋಕೆ ಶುರುವಾಗುತ್ತೆ. ಶಿರಾಡಿ ಘಾಟಿ ಇಳಿಯುವಾಗ ಎದುರಿಗೆ ಟ್ಯಾಂಕರ್ ಬಂದರೆ ಆ ನಡುಕ ಯಾರಿಗೂ ಬೇಡ.

ಹೌಸಿಂಗ್ ಮತ್ತು ಪ್ಲೇಟ್ ನಡುವೆ ಓರೆ ಕಬ್ಬಿಣದ ವೆಜ್ ಇಟ್ಟು ಕ್ಯಾಸ್ಟರ್ ಸರಿ ಮಾಡಬಹುದು, ನಿಜ. ಆದರೆ ಒಂದು ಇಂಚಿಗೋಸ್ಕರ ಅಷ್ಟು ದೂರ ಹೋಗೋದು ಬೇಡ ಅನ್ನೋದು ನನ್ನ ಅಭಿಪ್ರಾಯ. ಈಗಲೇ ನಿಮ್ಮ ಗಾಡಿ ನಡುಗುತ್ತಿದ್ದರೆ ಶ್ಯಾಕಲ್ಲಿಗಿಂತ ಮೊದಲು ಕಿಂಗ್‌ಪಿನ್ ಬೇರಿಂಗ್, ಅಂದರೆ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೀಲಿನ ಬೇರಿಂಗ್ ನೋಡಿ. ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕ್ ಅಂದರೆ ಹಬ್ ಬೇರಿಂಗ್ ಇಲ್ಲವೇ ಕಿಂಗ್‌ಪಿನ್, ಎರಡರಲ್ಲಿ ಒಂದು ಸಡಿಲ.

ಇನ್ನು ಟೈರ್. ಇಲ್ಲಿ ಒಂದು ಮಾತು ಸರಿಯಾಗಿ ಗಮನಿಸಿ. ಸಸ್ಪೆನ್ಷನ್ ಎಷ್ಟೇ ಎತ್ತರಿಸಿದರೂ ಏಳೋದು ಬಾಡಿ ಮತ್ತು ಚಾಸಿ ಮಾತ್ರ. ಕಲ್ಲಿಗೆ ತಾಗೋದು ಹೌಸಿಂಗ್ ನಡುವಿನ ಡಿಫರೆನ್ಷಿಯಲ್ ಗುಂಡು, ಅದು ಎಲ್ಲಿತ್ತೋ ಅಲ್ಲೇ ಇರುತ್ತೆ. ಅದನ್ನು ಎತ್ತರಿಸೋದು ಟೈರ್ ಒಂದೇ. ಕಂಪನಿಯ 205/70 ಆರ್15 ಟೈರಿನ ಎತ್ತರ 668 ಮಿಲಿಮೀಟರ್. ನೀವು ಹೇಳಿದ 235ರಲ್ಲಿ 235/75 ಆರ್15 ತಗೊಂಡರೆ 733. ವ್ಯತ್ಯಾಸದಲ್ಲಿ ಅರ್ಧ, ಅಂದರೆ 33 ಮಿಲಿಮೀಟರ್, ಹೌಸಿಂಗ್ ಕೆಳಗೆ ಸಿಗುತ್ತೆ. ಕೇಳೋಕೆ ಚೆನ್ನಾಗಿದೆ. ಆದರೆ ಚಕ್ರ ಹತ್ತು ಪರ್ಸೆಂಟ್ ದೊಡ್ಡದಾದರೆ ಎಲ್ಲಾ ಗೇರೂ ಹತ್ತು ಪರ್ಸೆಂಟ್ ಉದ್ದ ಆದ ಹಾಗೆ. 1298 ಸಿಸಿ ಪೆಟ್ರೋಲ್ ಎಂಜಿನ್ ಏರಿನಲ್ಲಿ ಏದುಸಿರು ಬಿಡುತ್ತೆ, ಇಳಿಜಾರಿನಲ್ಲಿ ಎಂಜಿನ್ ಹಿಡಿತ ಕಡಿಮೆ ಆಗುತ್ತೆ, ಮೀಟರು 60 ತೋರಿಸುವಾಗ ನೀವು 66ರ ಹತ್ತಿರ ಹೋಗ್ತಿರ್ತೀರಿ. ತೋಟದ ಕೆಸರಿಗೆ 215/75 ಆರ್15 ಸಾಕು. ಅದರ ಎತ್ತರ 703, ಹೌಸಿಂಗ್ ಕೆಳಗೆ 18 ಮಿಲಿಮೀಟರ್ ಜಾಸ್ತಿ. ನಿಜವಾದ ಲಾಭ ಬರೋದು ಟೈರಿನ ಹಲ್ಲಿನಿಂದ, ಅಗಲದಿಂದ ಅಲ್ಲ. ಹಗುರ ಗಾಡಿಗೆ ಕೆಸರಿನಲ್ಲಿ ಸಣ್ಣ ಅಗಲದ ಟೈರ್ ಕೆಳಗಿನ ಗಟ್ಟಿ ನೆಲ ಹುಡುಕಿಕೊಂಡು ಇಳಿಯುತ್ತೆ, ಅಗಲದ್ದು ಮೇಲೆಯೇ ತೇಲಿ ಜಾರುತ್ತೆ.

ಶಾಕ್ ಅಬ್ಸಾರ್ಬರ್ ಬಗ್ಗೆ ಸ್ವಲ್ಪ ಹೆಚ್ಚು ಬರೀತೀನಿ, ಯಾಕಂದ್ರೆ ಎಲ್ಲರೂ ಎಡವೋದು ಇಲ್ಲೇ.

ಶಾಕ್ ಗಾಡಿಯ ಭಾರ ಹೊರಲ್ಲ. ಭಾರ ಹೊರೋದು ಪ್ಲೇಟು. ಪ್ಲೇಟು ಒಂದು ಸಲ ಕುಣಿದರೆ ಮತ್ತೆ ಮತ್ತೆ ಕುಣಿಯದ ಹಾಗೆ ಹಿಡಿದು ನಿಲ್ಲಿಸೋದಷ್ಟೇ ಶಾಕಿನ ಕೆಲಸ. ಒಳಗಿನ ಎಣ್ಣೆ ಸಣ್ಣ ತೂತಿನಲ್ಲಿ ನುಗ್ಗುವಾಗ ಆ ಕುಣಿತ ಬಿಸಿಯಾಗಿ ಹೊರಟು ಹೋಗುತ್ತೆ. ಅರ್ಧ ಗಂಟೆ ಕಲ್ಲು ದಾರಿಯಲ್ಲಿ ಓಡಿಸಿ, ಇಳಿದು, ಶಾಕಿನ ಹತ್ತಿರ ಕೈ ಹಿಡಿದು ನೋಡಿ. ನಾಲ್ಕರಲ್ಲಿ ಒಂದು ತಣ್ಣಗಿದ್ದರೆ ಅದು ಸತ್ತಿದೆ ಅಂತ ಅರ್ಥ. ಮೈ ಮೇಲೆ ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿದ್ದರೂ ಅಷ್ಟೇ.

ಇನ್ನು ಉದ್ದ. ಶಾಕಿಗೆ ಎರಡು ಅಳತೆ ಇರುತ್ತೆ: ಪೂರ್ತಿ ಮುಚ್ಚಿದಾಗಿನದು, ಪೂರ್ತಿ ತೆರೆದಾಗಿನದು. ಒಳಗಿನ ರಾಡು ಮೈಯೊಳಗೇ ಹೋಗಿ ಕೂರಬೇಕಾದ್ದರಿಂದ, ತೆರೆದಾಗ ಉದ್ದ ಇರುವ ಶಾಕ್ ಮುಚ್ಚಿದಾಗಲೂ ಉದ್ದವೇ ಇರುತ್ತೆ. ಅಂಗಡಿಯವರು ತೆರೆದ ಉದ್ದ ತೋರಿಸಿ ಮಾರ್ತಾರೆ, ಗಾಡಿ ಸಾಯೋದು ಮುಚ್ಚಿದ ಉದ್ದದಿಂದ. ಎತ್ತರಿಸದ ಗಾಡಿಗೆ ಉದ್ದ ಶಾಕ್ ಹಾಕಿದರೆ, ಗುಂಡಿಗೆ ಬಿದ್ದಾಗ ಹೌಸಿಂಗ್ ಮೇಲೆ ಬಂದು, ಅದು ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೆ ತಾಗುವ ಮೊದಲೇ ಶಾಕ್ ಮುಚ್ಚಿ ಮುಗಿದಿರುತ್ತೆ. ಆಮೇಲಿನ ಏಟೆಲ್ಲ ರಾಡಿಗೆ, ಮೌಂಟಿಗೆ. ನನ್ನದೇ ಗಾಡಿಯಲ್ಲಿ ಬಿಸಿಲೆ ಕಡೆಯ ದಾರಿಯಲ್ಲಿ ಹಿಂದಿನ ಎಡಗಡೆ ಕೆಳಗಿನ ಮೌಂಟ್ ಹೀಗೇ ಬಗ್ಗಿತು. ಶಾಕ್ ಹೊಸದು, ಹಾಕಿ ಇನ್ನೂ ಹದಿನೈದು ದಿನ ಆಗಿರಲಿಲ್ಲ. ಆ ದಿನ ಶಾಕ್ ಬಿಚ್ಚಿ ಹಿಂದಿನ ಸೀಟಿನ ಮೇಲೆ ಹಾಕಿಕೊಂಡು, ಹಡಗಿನ ಹಾಗೆ ತೂಗಾಡುತ್ತಾ ಮನೆಗೆ ಬಂದೆ.

ಅಳತೆ ತೆಗೆಯೋದು ಕಷ್ಟ ಅಲ್ಲ. ಹಳೇ ಶಾಕ್ ಬಿಚ್ಚಿ ಪಕ್ಕಕ್ಕಿಡಿ, ಇಲ್ಲದಿದ್ದರೆ ಅದೇ ಅಳತೆಯನ್ನು ತಡೆಯುತ್ತೆ. ಒಂದು ಮಣ್ಣಿನ ದಿಬ್ಬದ ಮೇಲೆ ಒಂದು ಹಿಂದಿನ ಚಕ್ರವನ್ನು ತೀರಾ ನಿಧಾನಕ್ಕೆ ಹತ್ತಿಸಿ, ಆ ಕಡೆ ಬಂಪ್ ಸ್ಟಾಪ್ ರಬ್ಬರ್ ಒತ್ತಿಕೊಳ್ಳುವ ತನಕ. ಹತ್ತಿದ ಕಡೆ ಮೇಲಿನ ಮೌಂಟಿನಿಂದ ಕೆಳಗಿನ ಮೌಂಟಿಗೆ ಟೇಪ್ ಹಿಡಿಯಿರಿ. ಅದು ಮುಚ್ಚಿದ ಅಳತೆ. ಇನ್ನೊಂದು ಕಡೆ ಚಕ್ರ ಜೋತು ಬಿದ್ದಿರುತ್ತೆ, ಅದು ತೆರೆದ ಅಳತೆ. ಮುಂದಕ್ಕೂ ಹೀಗೇ. ಉದಾಹರಣೆಗೆ ಮುಚ್ಚಿದ್ದು 280, ತೆರೆದದ್ದು 450 ಬಂತು ಅನ್ನಿ. ನಿಮಗೆ ಬೇಕಿರೋದು 265ಕ್ಕಿಂತ ಕಡಿಮೆಗೆ ಮುಚ್ಚುವ, 450ಕ್ಕಿಂತ ಸ್ವಲ್ಪ ಜಾಸ್ತಿ ತೆರೆಯುವ ಶಾಕ್. ಎರಡೂ ಒಟ್ಟಿಗೆ ಸಿಗದಿದ್ದರೆ ಮುಚ್ಚುವ ಅಳತೆಯನ್ನು ಮಾತ್ರ ಬಿಡಬೇಡಿ, ತೆರೆಯುವುದರಲ್ಲಿ ಒಂದೆರಡು ಸೆಂಟಿಮೀಟರ್ ಕಳೆದುಕೊಳ್ಳಿ. ಈ ಅಳತೆ ಮಾಡುವಾಗ ಗಾಡಿ ಕೆಳಗೆ ಮಲಗಬೇಡಿ, ಪಕ್ಕದಿಂದ ಕೈ ಚಾಚಿ ಟೇಪ್ ಹಿಡಿಯಿರಿ. ಒಬ್ಬರು ಬ್ರೇಕ್ ಮೇಲೆ ಕಾಲಿಟ್ಟು ಸೀಟಿನಲ್ಲೇ ಇರಲಿ.

ಎಣ್ಣೆ ಶಾಕಾ, ಗ್ಯಾಸ್ ಶಾಕಾ ಅಂತ ಮುಂದಿನ ಪ್ರಶ್ನೆ ಬರುತ್ತೆ. ಗ್ಯಾಸ್ ಶಾಕಿನಲ್ಲೂ ಕೆಲಸ ಮಾಡೋದು ಎಣ್ಣೆಯೇ. ನೈಟ್ರೋಜನ್ ಒತ್ತಡ ಇರೋದರಿಂದ ಎಣ್ಣೆ ನೊರೆ ಆಗಲ್ಲ, ದೂರದ ಕಲ್ಲು ದಾರಿಯಲ್ಲಿ ಹಿಡಿತ ಉಳಿಯುತ್ತೆ. ಆದರೆ ಜಿಪ್ಸಿಯಂಥ ಹಗುರ ಗಾಡಿಗೆ ಒತ್ತಡ ಜಾಸ್ತಿ ಇರುವ ಗ್ಯಾಸ್ ಶಾಕ್ ಹಾಕಿದರೆ ಕುಲುಕಾಟ ಇನ್ನೂ ಹೆಚ್ಚಾಗುತ್ತೆ. ತೋಟದೊಳಗೆ 20ರ ವೇಗದಲ್ಲಿ ಓಡಾಡೋಕೆ ಒಳ್ಳೆಯ ಎಣ್ಣೆ ಶಾಕ್ ಸಾಕು. ಮನೆಯವರೂ ಹತ್ತಬೇಕಲ್ವಾ?

ಪ್ಲೇಟ್ ಸೆಟ್ಟಿಗೆ ನಿಮಗೆ ಮೂರು ದಾರಿ. ಇರೋದನ್ನೇ ಬಿಚ್ಚಿ, ವೈರ್ ಬ್ರಷ್ ಹಾಕಿ ತುಕ್ಕು ತೆಗೆದು, ಪ್ಲೇಟಿನ ತುದಿಗಳಿಗೆ ಗ್ರಾಫೈಟ್ ಗ್ರೀಸ್ ತೆಳುವಾಗಿ ಸವರಿ, ಹೊಸ ಸೆಂಟರ್ ಬೋಲ್ಟ್, ಹೊಸ ಬುಶ್ ಹಾಕಿ ಜೋಡಿಸೋದು ಮೊದಲನೆಯದು. ಯಾವ ಪ್ಲೇಟೂ ಬಿರುಕು ಬಿಟ್ಟಿಲ್ಲ, ಗಾಡಿ ಒಂದು ಕಡೆ ವಾಲಿಲ್ಲ ಅಂದರೆ ನಾನು ಇದನ್ನೇ ಮಾಡು ಅಂತೀನಿ. ವಾಲಿದೆಯಾ ಅಂತ ತಿಳಿಯೋಕೆ ಸಮ ನೆಲದ ಮೇಲೆ ನಿಲ್ಲಿಸಿ ಹಬ್ಬಿನ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿಗೆ ನಾಲ್ಕೂ ಕಡೆ ಅಳೆಯಿರಿ. ಎರಡನೆಯದು ಹೊಸ ಕಂಪನಿ ಸೆಟ್. ಮೂರನೆಯದು ಪ್ಯಾರಾಬೋಲಿಕ್ ಸೆಟ್: ಪ್ಲೇಟುಗಳು ಕಡಿಮೆ, ನಡುವೆ ದಪ್ಪ ತುದಿಗೆ ತೆಳು, ಒಂದಕ್ಕೊಂದು ಉಜ್ಜಾಟ ಇಲ್ಲ. ಕುಲುಕಾಟ ನಿಜವಾಗಿ ಕಡಿಮೆ ಆಗೋದು ಇದರಲ್ಲಿ. ಆದರೆ ಉಜ್ಜಾಟ ಹೋದ ಮೇಲೆ ಹಿಡಿದು ನಿಲ್ಲಿಸುವ ಹೊಣೆ ಪೂರ್ತಿ ಶಾಕಿನ ಮೇಲೆ ಬೀಳುತ್ತೆ, ಹಾಗಾಗಿ ಹಳೇ ಶಾಕ್ ಇಟ್ಟುಕೊಂಡು ಪ್ಯಾರಾಬೋಲಿಕ್ ಹಾಕೋದು ಸುಮ್ನೆ ದಂಡ.

ಲಾರಿ ಸ್ಟ್ಯಾಂಡಿನ ಹತ್ತಿರ ಪ್ಲೇಟ್ ಅಂಗಡಿಗಳಲ್ಲಿ ಬಡಿದು ಕಮಾನು ಏರಿಸಿ ಕೊಡ್ತಾರಲ್ಲ, ಅದನ್ನೂ ಕೇಳಿರ್ತೀರಿ. ಬಡಿದು ಏರಿಸಿದ್ದು ಸ್ವಲ್ಪ ದಿನಕ್ಕೆ ಮತ್ತೆ ಕೂರುತ್ತೆ. ಗ್ಯಾಸ್ ಬೆಂಕಿ ಹಿಡಿದು ಕಾಯಿಸಿ ಬಗ್ಗಿಸೋಕೆ ಬಂದರೆ ಮಾತ್ರ ಕೈ ಹಿಡಿದು ನಿಲ್ಲಿಸಿ. ಕಾದ ಜಾಗದಲ್ಲಿ ಸ್ಪ್ರಿಂಗ್ ಸ್ಟೀಲಿನ ಹದ ಹೋಗುತ್ತೆ, ಅಲ್ಲೇ ಮುರಿಯುತ್ತೆ. ಪ್ಲೇಟಿಗೆ ವೆಲ್ಡಿಂಗ್ ಅಂತೂ ಯಾವತ್ತೂ ಬೇಡ. ಮೆತ್ತಗಾಗಲಿ ಅಂತ ಒಂದು ಪ್ಲೇಟ್ ತೆಗೆದುಬಿಡೋದೂ ಇದೆ. ಖಾಲಿ ಓಡಿಸೋರಿಗೆ ಪರವಾಗಿಲ್ಲ, ಆದರೆ ನೀವು ತೋಟದವರು, ಕಾಫಿ ಮೂಟೆ ಹೇರೋದಿದ್ದರೆ ಹಿಂದಿನ ಸೆಟ್ಟಿಗೆ ಕೈ ಹಾಕಬೇಡಿ.

ಪ್ಲೇಟನ್ನು ಹೌಸಿಂಗ್ ಮೇಲೆ ಕೂರಿಸಿ ಎತ್ತರಿಸುವ ಕೆಲಸ ಇದೆ. ಜಿಪ್ಸಿಯಲ್ಲಿ ಪ್ಲೇಟ್ ಇರೋದು ಹೌಸಿಂಗ್ ಕೆಳಗೆ, ಅದನ್ನು ಮೇಲೆ ತಂದರೆ ಗಾಡಿ ಸುಮಾರು ಐದು ಇಂಚು ಏಳುತ್ತೆ. ನೀವು ಕೇಳಿಲ್ಲ, ಆದರೂ ಶೆಡ್ಡಿಗೆ ಬಂದ ಯಾರಾದರೊಬ್ಬರು ಇದನ್ನು ಹೇಳೇ ಹೇಳ್ತಾರೆ. ಹೌಸಿಂಗಿಗೆ ಹೊಸ ಪ್ಯಾಡ್ ವೆಲ್ಡ್ ಆಗಬೇಕು, ಸ್ಟೇರಿಂಗ್ ರಾಡ್, ಬ್ರೇಕ್ ಹೋಸ್, ಜಾಯಿಂಟ್ ಎಲ್ಲದರ ಕೋನ ಬದಲಾಗುತ್ತೆ, ಗಾಡಿ ಪಲ್ಟಿ ಹೊಡೆಯುವ ಭಯ ಜಾಸ್ತಿ ಆಗುತ್ತೆ. ಎರಡು ದಿನದ ಶೆಡ್ ಕೆಲಸ ಅಲ್ಲ ಅದು.

ಈಗ ಶೆಡ್ಡಿಗೆ ಬನ್ನಿ. ನೆಲ ಕಾಂಕ್ರೀಟಾ, ಮಣ್ಣಾ? ಮಣ್ಣಾದರೆ ಜಾಕ್ ಮತ್ತು ಸ್ಟ್ಯಾಂಡ್ ಕೆಳಗೆ ಎರಡು ಇಂಚು ದಪ್ಪದ ಹಲಗೆ ಬೇಕೇ ಬೇಕು, ಮಳೆಗಾಲದ ನೆಲದಲ್ಲಿ ಸ್ಟ್ಯಾಂಡಿನ ಕಾಲು ಗೊತ್ತಾಗದ ಹಾಗೆ ಇಳಿಯುತ್ತೆ. ಸ್ಟ್ಯಾಂಡ್ ನಾಲ್ಕು ಇರಲಿ, ಒಂದೊಂದು ಮೂರು ಟನ್ನಿನದು. ಹಾಲೋ ಬ್ಲಾಕ್ ಇಟ್ಟು ಗಾಡಿ ನಿಲ್ಲಿಸೋದು ನಮ್ಮ ಕಡೆ ಮಾಮೂಲು. ದಯವಿಟ್ಟು ಬೇಡ. ಸಿಮೆಂಟ್ ಬ್ಲಾಕ್ ಮೊದಲೇ ಬಿರುಕು ಬಿಟ್ಟು ಎಚ್ಚರಿಸಲ್ಲ, ಒಂದೇ ಸಲ ಪುಡಿಯಾಗುತ್ತೆ. ಹಾಗೆ ಕೂತ ಗಾಡಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೆಳಗಿದ್ದವರು ಐದು ನಿಮಿಷದ ಹಿಂದೆ ಕಾಫಿ ಕುಡಿಯೋಕೆ ಎದ್ದು ಹೋಗಿದ್ದರು, ಅದೊಂದೇ ಕಾರಣಕ್ಕೆ ಉಳಿದರು. ಬರೀ ಜಾಕ್ ಮೇಲೆ ನಿಂತ ಗಾಡಿ ಕೆಳಗೂ ಹೋಗಬೇಡಿ. ಸ್ಟ್ಯಾಂಡ್ ಚಾಸಿಗೆ ಕೊಡಿ, ಹೌಸಿಂಗಿಗೆ ಅಲ್ಲ, ಯಾಕಂದ್ರೆ ಹೌಸಿಂಗನ್ನು ನೀವು ಏರಿಸಿ ಇಳಿಸಬೇಕು. ಅದಕ್ಕೆ ಬೇರೆ ಟ್ರಾಲಿ ಜಾಕ್ ಇರಲಿ.

ಉಳಿದಂತೆ 17, 19ರ ಸಾಕೆಟ್, ಉದ್ದನೆಯ ರಾಡ್, ಟಾರ್ಕ್ ರೆಂಚ್, ಎರಡು ಜಿ ಕ್ಲ್ಯಾಂಪ್, ಬೆಂಚ್ ವೈಸ್, ನಾಲ್ಕಾರು ಹ್ಯಾಕ್ಸಾ ಬ್ಲೇಡ್, ಗ್ರೈಂಡರ್, ಕಣ್ಣಿಗೆ ಕನ್ನಡಕ. ಸಾಮಾನಿನಲ್ಲಿ ನಾಲ್ಕೂ ಕಡೆಗೆ ಬುಶ್, ಶ್ಯಾಕಲ್ ಪಿನ್, ಸೆಂಟರ್ ಬೋಲ್ಟ್, ಪ್ಲೇಟನ್ನು ಹೌಸಿಂಗಿಗೆ ಬಿಗಿಯುವ ಯು ಬೋಲ್ಟ್ ನಟ್ಟಿನ ಸಮೇತ. ಹಳೇ ಯು ಬೋಲ್ಟ್ ಚೆನ್ನಾಗಿದೆ ಅನಿಸಿದರೂ ಮತ್ತೆ ಹಾಕಬೇಡಿ. ಒಮ್ಮೆ ಬಿಗಿದಾಗ ಅದು ಎಳೆದುಕೊಂಡಿರುತ್ತೆ, ಎರಡನೇ ಸಲ ಆ ಹಿಡಿತ ಬರಲ್ಲ. ಬುಶ್ ರಬ್ಬರಿನದೇ ತನ್ನಿ. ಪಾಲಿಯುರೆಥೇನ್ ಬುಶ್ ಬಾಳಿಕೆ ಬರುತ್ತೆ, ಆದರೆ ಗಡಸು, ಸರಿಯಾದ ಗ್ರೀಸ್ ಇಲ್ಲದೆ ಕಿರ್‌ಕಿರ್ ಅನ್ನುತ್ತೆ. ನಿಮ್ಮ ದೂರೇ ಕುಲುಕಾಟ ಆಗಿರುವಾಗ ಅದು ಬೇಡ. ಇದೆಲ್ಲ ಶುಕ್ರವಾರ ಸಂಜೆಯೊಳಗೆ ಶೆಡ್ಡಿನಲ್ಲಿ ಇರಬೇಕು, ಭಾನುವಾರ ಒಂದು ನಟ್ಟಿಗೋಸ್ಕರ ಪೇಟೆ ಸುತ್ತಿದರೆ ಅಂಗಡಿ ಮುಚ್ಚಿರುತ್ತೆ. ಗೆಳೆಯರ ಬೈಕೋ ಕಾರೋ ಓಡುವ ಸ್ಥಿತಿಯಲ್ಲಿರಲಿ.

ನಿಮ್ಮ ಸಮಯ ತಿನ್ನೋದು ಪ್ಲೇಟಲ್ಲ, ತುಕ್ಕು ಹಿಡಿದ ಪಿನ್ನು. ಬುಶ್ ಒಳಗಿನ ಕಬ್ಬಿಣದ ಕೊಳವೆಗೆ ಬೋಲ್ಟ್ ಬೆಸೆದುಕೊಂಡಿರುತ್ತೆ, ತಲೆ ತಿರುಗುತ್ತೆ, ಜೊತೆಗೆ ರಬ್ಬರೂ ತಿರುಗುತ್ತೆ, ಹೊರಗೆ ಮಾತ್ರ ಬರಲ್ಲ. ಆ ಹಳೇ ಜಿಪ್ಸಿಯಲ್ಲಿ ಮೂರು ಬೋಲ್ಟ್ ಇಪ್ಪತ್ತು ನಿಮಿಷಕ್ಕೆ ಬಂದವು, ನಾಲ್ಕನೆಯದಕ್ಕೆ ಮೂರು ಗಂಟೆ ಹೋಯಿತು. ಕೊನೆಗೆ ಶ್ಯಾಕಲ್ ಮತ್ತು ಪ್ಲೇಟಿನ ಸಂದಿಯಲ್ಲಿ ಹ್ಯಾಕ್ಸಾ ಬ್ಲೇಡ್ ಇಟ್ಟು ಸರದಿ ಮೇಲೆ ಕೊಯ್ದೆವು. ಹಾಗಾಗಿ ಒಂದು ವಾರ ಮೊದಲಿನಿಂದಲೇ ದಿನಾ ಸಂಜೆ ಎಲ್ಲಾ ಬೋಲ್ಟಿಗೂ ತುಕ್ಕು ಸಡಿಲಿಸುವ ಡಬ್ಲ್ಯುಡಿ-40 ಸ್ಪ್ರೇ ಹೊಡೆಯುತ್ತಾ ಬನ್ನಿ. ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್ ಹತ್ತಿರ ಬೆಂಕಿ ಹಿಡಿಯಬೇಡಿ, ಗ್ರೈಂಡರ್ ಕಿಡಿಯೂ ಅತ್ತ ಹಾರದಿರಲಿ.

ಹಿಂದಿನಿಂದ ಶುರು ಮಾಡಿ, ಅಲ್ಲಿ ಸ್ಟೇರಿಂಗ್ ರಗಳೆ ಇಲ್ಲ, ಕೈ ಪಳಗುತ್ತೆ. ಒಂದು ಸಲಕ್ಕೆ ಒಂದೇ ಕಡೆ ಬಿಚ್ಚಿ. ಇನ್ನೊಂದು ಕಡೆಯ ಪ್ಲೇಟ್ ಹೌಸಿಂಗನ್ನು ಅದರ ಜಾಗದಲ್ಲೇ ಹಿಡಿದಿರುತ್ತೆ, ಇಲ್ಲದಿದ್ದರೆ ಅದು ಉರುಳಿ ಬ್ರೇಕ್ ಹೋಸ್ ಎಳೆಯುತ್ತೆ. ಬಿಚ್ಚುವ ಮೊದಲು ಪ್ರತಿ ಸೆಟ್ಟಿನ ಮೇಲೂ ಬಿಳಿ ಪೇಂಟಿನಲ್ಲಿ ಎಡ, ಬಲ, ಮುಂದೆ ಯಾವುದು ಅಂತ ಗುರುತು ಹಾಕಿ. ಸೆಂಟರ್ ಬೋಲ್ಟ್ ತೆಗೆಯುವ ಮೊದಲು ಸೆಟ್ಟಿಗೆ ಎರಡೂ ಬದಿ ಜಿ ಕ್ಲ್ಯಾಂಪ್ ಬಿಗಿಯಿರಿ. ಒತ್ತಿ ಕೂತ ಪ್ಲೇಟುಗಳು ಬೋಲ್ಟ್ ಬಿಟ್ಟ ಕ್ಷಣ ಸಿಡಿಯುತ್ತವೆ, ಮುಖ ಅದರ ಮೇಲೆ ಇರಬಾರದು. ಜೋಡಿಸುವಾಗ ಸೆಂಟರ್ ಬೋಲ್ಟಿನ ತಲೆ ಹೌಸಿಂಗ್ ಪ್ಯಾಡಿನ ತೂತಿನಲ್ಲಿ ಸರಿಯಾಗಿ ಕೂತಿದೆಯಾ ಅಂತ ಬೆರಳಿಟ್ಟು ನೋಡಿ. ಅಂಚಿನ ಮೇಲೆ ಕೂತರೆ ಹೌಸಿಂಗ್ ಓರೆ ಆಗುತ್ತೆ, ಗಾಡಿ ಏಡಿ ನಡೆದ ಹಾಗೆ ಅಡ್ಡಡ್ಡ ಹೋಗುತ್ತೆ. ಯು ಬೋಲ್ಟಿನ ನಾಲ್ಕು ನಟ್ಟನ್ನು ಅಡ್ಡಡ್ಡ ಸರದಿಯಲ್ಲಿ, ಸ್ವಲ್ಪ ಸ್ವಲ್ಪವೇ, ಕೊನೆಗೆ ಮ್ಯಾನುವಲ್ಲಿನಲ್ಲಿ ಹೇಳಿದ ಟಾರ್ಕಿಗೆ ಬಿಗಿಯಿರಿ.

ಶ್ಯಾಕಲ್ ಮತ್ತು ಪ್ಲೇಟಿನ ತುದಿಯ ಕಣ್ಣಿನ (ಸುರುಳಿಯ) ಬೋಲ್ಟುಗಳನ್ನು ಗಾಡಿ ಮೇಲೆತ್ತಿರುವಾಗ ಪೂರ್ತಿ ಬಿಗಿಯಬೇಡಿ. ಇಲ್ಲಿ ಒಳ್ಳೊಳ್ಳೆ ಗ್ಯಾರೇಜಿನವರೂ ತಪ್ಪು ಮಾಡ್ತಾರೆ. ಚಕ್ರ ಜೋತು ಬಿದ್ದಿರುವಾಗ ಬಿಗಿದರೆ ರಬ್ಬರ್ ಬುಶ್ ಆ ಭಂಗಿಯಲ್ಲೇ ಸೆರೆಯಾಗುತ್ತೆ. ಗಾಡಿ ಇಳಿಸಿದ ಮೇಲೆ ಅದು ದಿನವಿಡೀ ತಿರುಚಿಕೊಂಡೇ ಇರಬೇಕು, ಹಾಗೆ ಇದ್ದರೆ ಬೇಗ ಹರಿಯುತ್ತೆ, ಅಲ್ಲಿಯ ತನಕ ಪ್ಲೇಟನ್ನೂ ಬಿಗಿ ಹಿಡಿಯುತ್ತೆ. ಕೈಯಲ್ಲಿ ತಿರುಗಿಸುವಷ್ಟು ಬಿಗಿದು, ಚಕ್ರ ಹಾಕಿ, ನೆಲಕ್ಕಿಳಿಸಿ, ಬಂಪರ್ ಹಿಡಿದು ನಾಲ್ಕು ಸಲ ಕುಣಿಸಿ, ಗಾಡಿ ತನ್ನ ಎತ್ತರಕ್ಕೆ ಕೂತ ಮೇಲೆ ಕೊನೆಯ ಬಿಗಿತ ಕೊಡಿ.

ಆಮೇಲೆ ಬ್ರೇಕ್ ಹೋಸ್. ಗಾಡಿ ಎತ್ತಿ, ಚಕ್ರ ಪೂರ್ತಿ ಜೋತು ಬೀಳಲಿ, ಸ್ಟೇರಿಂಗನ್ನು ಎಡ ಕೊನೆಯಿಂದ ಬಲ ಕೊನೆಗೆ ತಿರುಗಿಸಿ. ಹೋಸ್ ತಂತಿಯ ಹಾಗೆ ಬಿಗಿದರೆ ಅಷ್ಟಕ್ಕೇ ನಿಲ್ಲಿಸಿ ಉದ್ದದ ಹೋಸ್ ಹಾಕಿ, ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆದು ಬ್ರೇಕ್ ನೋಡದೆ ಶೆಡ್ ದಾಟಬೇಡಿ. ಗಟ್ಟಿ ಹೌಸಿಂಗ್ ಗಾಡಿಯಲ್ಲಿ ಅಲೈನ್‌ಮೆಂಟ್ ಅಂದರೆ ಮುಖ್ಯವಾಗಿ ಟೋ (ಮುಂದಿನ ಎರಡು ಚಕ್ರ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿವೆ ಅನ್ನೋದು), ಅದನ್ನು ಹಬ್ ಎತ್ತರದಲ್ಲಿ ಎರಡೂ ಟೈರಿನ ಮುಂದೆ ಒಮ್ಮೆ ಹಿಂದೆ ಒಮ್ಮೆ ಟೇಪ್ ಹಿಡಿದು ಮನೆಯಲ್ಲೇ ಅಂದಾಜು ಮಾಡಬಹುದು. ಸೋಮವಾರ ಪೇಟೆಯಲ್ಲಿ ಮಷಿನ್ನಿಗೆ ಹಾಕಿಸಿ. ಹೆಡ್‌ಲೈಟೂ ತಿದ್ದಿಸಿ, ಮುಂದಿನ ಭಾಗ ಸ್ವಲ್ಪ ಎದ್ದರೂ ಎದುರಿನವರ ಕಣ್ಣಿಗೆ ಹೊಡೆಯುತ್ತೆ.

ಕಾನೂನಿನ ಮಾತೂ ಹೇಳಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರದಿಂದ ಬೇರೆ ಆಗುವ ಹಾಗೆ ಗಾಡಿ ಬದಲಿಸೋ ಹಾಗಿಲ್ಲ. 2019ರ ತಿದ್ದುಪಡಿಯಲ್ಲಿ ಮಾಲೀಕರಿಗೆ ಆರು ತಿಂಗಳ ತನಕ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಅಂತ ಇದೆ. ನಿಮ್ಮದು 15 ವರ್ಷ ದಾಟಿದ ಗಾಡಿ, ಐದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಲೇಬೇಕು. ಅಪಘಾತ ಆದರೆ ಇನ್ಶೂರೆನ್ಸಿನವರು ಮೊದಲು ನೋಡೋದೂ ಇದನ್ನೇ. ಸವೆದ ಪ್ಲೇಟ್, ಬುಶ್, ಶಾಕ್ ತೆಗೆದು ಅದೇ ಅಳತೆಯ ಹೊಸದು ಹಾಕೋದು ರಿಪೇರಿ, ಅದಕ್ಕೆ ಯಾರೂ ಏನೂ ಅನ್ನಲ್ಲ.

ಎರಡು ದಿನದಲ್ಲಿ ಮುಗಿಯುತ್ತಾ ಅಂದಿರಿ. ಒಂದು ಶನಿವಾರ, ಭಾನುವಾರ ಹಿಂದಿನ ಎರಡು ಸೆಟ್ಟಿಗೆ ಇಡಿ, ಮುಂದಿನ ವಾರ ಮುಂದಿನದಕ್ಕೆ. ಒಂದೇ ವಾರಕ್ಕೆ ನಾಲ್ಕೂ ಅಂತ ಹೊರಟರೆ ಭಾನುವಾರ ರಾತ್ರಿ ಹತ್ತು ಗಂಟೆಗೆ ಟಾರ್ಚ್ ಬೆಳಕಿನಲ್ಲಿ ಯು ಬೋಲ್ಟ್ ಬಿಗಿಯುತ್ತಾ ಕೂತಿರ್ತೀರಿ, ಅವಸರದ ತಪ್ಪು ಆಗೋದು ಆ ಹೊತ್ತಿನಲ್ಲೇ. ಈ ನಡುವೆ ಮಣ್ಣಿನ ದಿಬ್ಬದ ಅಳತೆ ತೆಗೆದಿಟ್ಟುಕೊಳ್ಳಿ, ಶಾಕ್ ತರೋದು ಅದಾದ ಮೇಲೆ.

ಬಿಗಿದು ಮುಗಿದ ತಕ್ಷಣ ಪ್ರತಿ ಯು ಬೋಲ್ಟ್ ನಟ್ಟಿನಿಂದ ಬೋಲ್ಟಿನ ಮೇಲಕ್ಕೆ ಬಿಳಿ ಪೇಂಟಿನ ಒಂದು ಗೆರೆ ಎಳೆಯಿರಿ. 50 ಕಿಲೋಮೀಟರ್ ಓಡಿಸಿ, ಟಾರ್ಕ್ ರೆಂಚ್ ಹಿಡಿದು ಮತ್ತೆ ಬಿಗಿಯಿರಿ. ಹೊಸ ಪ್ಲೇಟುಗಳ ನಡುವಿನ ಗ್ರೀಸ್, ಪೇಂಟ್ ಒತ್ತಿಕೊಂಡು ಕೂರೋದರಿಂದ ಮೊದಲ ಸಲ ಕಾಲು ಸುತ್ತು ಹಿಡಿದೇ ಹಿಡಿಯುತ್ತೆ, ಗಾಬರಿ ಬೇಡ. ಹಳೇ ಗೆರೆ ಒರೆಸಿ ಹೊಸದು ಎಳೆಯಿರಿ. 500ಕ್ಕೆ ಇನ್ನೊಂದು ಸಲ ನೋಡಿ. ಆಗಲೂ ಗೆರೆ ಸರಿದಿದ್ದರೆ ಬರೀ ನಟ್ ಬಿಗಿದು ಸುಮ್ಮನಾಗಬೇಡಿ, ಸೆಂಟರ್ ಬೋಲ್ಟಿನ ತಲೆ ಪ್ಯಾಡಿನಲ್ಲಿ ಕೂತಿಲ್ಲದೆ ಇರಬಹುದು. ಆ ಕಡೆ ಬಿಚ್ಚಿ ನೋಡಿ.